ಇಂಗ್ಲಿಷ್ ಪದಕೋಶದಲ್ಲಿ ಅಲಿಫ್-ಲಾಮ್

ವಿದ್ಯಾರ್ಥಿ ಮಿತ್ರರೇ, ನಿಮ್ಮ ಬಳಿ ಇರುವ ಯಾವುದಾದರೂ ಇಂಗ್ಲಿಷ್ ನಿಘಂಟನ್ನು ತೆರೆದು 'ಎ' ಅಕ್ಷರದ ಪುಟಗಳನ್ನು ತಿರುವಿರಿ. 'ಎ' ಆದ ಕೂಡಲೇ 'ಎಲ್' ಬರುವ ಪದಗಳ ಬಳಿ ಸ್ವಲ್ಪ ನಿಲ್ಲಿರಿ. ಆಲ್ಜೀಬ್ರಾ, ಆಲ್ಗಾರಿದಮ್, ಆಲ್ಕಲಿ, ಆಲ್ಕೋಹಾಲ್, ಆಲ್ಕೆಮಿ, ಆಲ್ಮನಾಕ್, ಆಲ್ಕೋವ್, ಆಲ್ಫಾಲ್ಫಾ. ಉರ್ದು ಓದಿದವರಿಗೆ ಈ ಎರಡು ಅಕ್ಷರಗಳ ಜೋಡಿ ಹೊಸದಲ್ಲ. ಅರಬ್ಬಿಯ ಅಲಿಫ್ ಮತ್ತು ಲಾಮ್ ಸೇರಿ ಆಗುವ 'ಅಲ್' ಇದು. ಇಂಗ್ಲಿಷಿನಲ್ಲಿ 'ದಿ' ಮಾಡುವ ಕೆಲಸವನ್ನು ಅರಬ್ಬಿಯಲ್ಲಿ ಇದು ಮಾಡುತ್ತದೆ. ಕಿತಾಬ್ ಎಂದರೆ ಯಾವುದೋ ಒಂದು ಪುಸ್ತಕ. ಅಲ್-ಕಿತಾಬ್ ಎಂದರೆ ನಾವು ಹೇಳುತ್ತಿರುವ ಆ ಪುಸ್ತಕ. ಹಾಗಾಗಿ ಇಂಗ್ಲಿಷಿನವರು 'ದಿ ಆಲ್ಕಲಿ' ಎನ್ನುವಾಗ ತಮಗೆ ಗೊತ್ತಿಲ್ಲದೆಯೇ 'ದಿ' ಎಂಬುದನ್ನು ಎರಡು ಸಲ ಹೇಳುತ್ತಿದ್ದಾರೆ!

ಈ ಪಟ್ಟಿಯನ್ನು ನೀವು ಸಭೆಗಳಲ್ಲಿ, ಭಾಷಣ ಸ್ಪರ್ಧೆಗಳಲ್ಲಿ ಕೇಳಿರಬಹುದು. 'ಅಲ್' ಎಂದು ಆರಂಭವಾಗುವ ಪದಗಳೆಲ್ಲ ಅರಬರ ಕೊಡುಗೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವವರೂ ಉಂಟು. ಚಪ್ಪಾಳೆಗೆ ನನ್ನ ಅಭ್ಯಂತರವಿಲ್ಲ. ಆದರೆ ಪಟ್ಟಿಯಲ್ಲಿ ಒಂದು ಪದ ತಪ್ಪಾಗಿದ್ದರೂ ತಿಳಿದವರು ಉಳಿದ ಒಂಬತ್ತನ್ನೂ ಅನುಮಾನಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಬರೀ ಪಟ್ಟಿ ಹೇಳಿದರೆ ಈ ಎರಡು ಅಕ್ಷರಗಳೊಳಗೆ ಅಡಗಿರುವ ನಿಜವಾದ ಇತಿಹಾಸ ನಮ್ಮ ಕೈತಪ್ಪಿ ಹೋಗುತ್ತದೆ. ಒಂದು ಪದ ಯಾವ ಬಾಗಿಲಿನಿಂದ ಯುರೋಪಿಗೆ ಹೋಯಿತು, ಯಾರ ಕೈಯಿಂದ ಹೋಯಿತು ಎಂಬುದನ್ನು ಈ 'ಅಲ್' ಬಹುಮಟ್ಟಿಗೆ ಹೇಳಿಬಿಡುತ್ತದೆ. ಅಂಚೆ ಲಕೋಟೆಯ ಮೇಲಿನ ಊರಿನ ಮುದ್ರೆಯ ಹಾಗೆ.

ಮೊದಲು ಆಲ್ಜೀಬ್ರಾ ಪದವನ್ನೇ ನೋಡೋಣ. ಕನ್ನಡದಲ್ಲಿ ನಾವು ಇದನ್ನು ಬೀಜಗಣಿತ ಎನ್ನುತ್ತೇವೆ. ಖಲೀಫಾ ಅಲ್-ಮಾಮೂನ್ 813ರಿಂದ 833ರವರೆಗೆ ಆಳಿದ. ಆ ಕಾಲದ ಬಗ್ದಾದಿನಲ್ಲಿ ಬೈತುಲ್ ಹಿಕ್ಮಾ ಎಂಬ ವಿದ್ಯಾಕೇಂದ್ರವಿತ್ತು. ಅಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮೀ ಸುಮಾರು 820ರಲ್ಲಿ ಲೆಕ್ಕದ ಒಂದು ಪುಸ್ತಕ ಬರೆದರು. ಆ ಪುಸ್ತಕದ ಉದ್ದನೆಯ ಹೆಸರಿನಲ್ಲಿ 'ಅಲ್-ಜಬ್ರ್' ಮತ್ತು 'ಅಲ್-ಮುಕಾಬಲಾ' ಎಂಬ ಎರಡು ಪದಗಳಿವೆ. ಜಬ್ರ್ ಎಂದರೆ ಮುರಿದದ್ದನ್ನು ಕೂಡಿಸುವುದು, ಸರಿಪಡಿಸುವುದು. ಮುಕಾಬಲಾ ಎಂದರೆ ಎದುರುಬದುರು ಇಟ್ಟು ತೂಗುವುದು. (ಇಲ್ಲೊಂದು ಎಚ್ಚರಿಕೆ: ನಾವು ದಿನವೂ ಬಳಸುವ ಜಬರ್ದಸ್ತಿಗೂ ಈ ಜಬ್ರ್‌ಗೂ ನಂಟಿಲ್ಲ. ಅದು ಪಾರಸಿ ಪದ; 'ಜಬರ್' ಎಂದರೆ ಮೇಲೆ, 'ದಸ್ತ್' ಎಂದರೆ ಕೈ. ಉರ್ದುವಿನಲ್ಲಿ ಬರೆದರೆ ಎರಡರ ಮೊದಲ ಅಕ್ಷರಗಳೇ ಬೇರೆ ಎಂಬುದು ಕಣ್ಣಿಗೆ ಕಾಣುತ್ತದೆ.)

ಗಣಿತದಲ್ಲಿ ಇದರ ಅರ್ಥವೇನು? ಹತ್ತರಿಂದ ಒಂದು ಸಂಖ್ಯೆಯನ್ನು ಕಳೆದರೆ ನಾಲ್ಕು ಉಳಿಯುತ್ತದೆ ಎಂದುಕೊಳ್ಳಿ. ಇಲ್ಲಿ ಹತ್ತು ಮುರಿದುಹೋಗಿದೆ. ಅದರಿಂದ ಏನೋ ಕಿತ್ತುಹೋಗಿದೆ. ಕಿತ್ತುಹೋದ ಆ ಸಂಖ್ಯೆಯನ್ನು ಎರಡೂ ಕಡೆಗೆ ಸೇರಿಸಿದರೆ ಒಂದು ಕಡೆ ಪೂರ್ತಿ ಹತ್ತು, ಇನ್ನೊಂದು ಕಡೆ ನಾಲ್ಕು ಮತ್ತು ಆ ಸಂಖ್ಯೆ. ಇದು ಜಬ್ರ್. ಈಗ ಎರಡೂ ಕಡೆಯಿಂದ ನಾಲ್ಕನ್ನು ತೆಗೆದರೆ ಸಂಖ್ಯೆ ಆರು ಎಂದು ಸಿಗುತ್ತದೆ. ಇದು ಮುಕಾಬಲಾ. ಅಲ್-ಖ್ವಾರಿಜ್ಮೀ ಇದನ್ನು ಚಿಹ್ನೆಗಳಿಲ್ಲದೆ, ನಾನು ಈಗ ಹೇಳಿದ ಹಾಗೆಯೇ ಮಾತಿನಲ್ಲಿ ಬರೆದರು. ಎಕ್ಸ್, ವೈ ಎಲ್ಲ ಎಷ್ಟೋ ಶತಮಾನಗಳ ನಂತರ ಬಂದವು. ಅವರ ಪುಸ್ತಕದ ದೊಡ್ಡ ಭಾಗ ಆಸ್ತಿಯನ್ನು ವಾರಸುದಾರರಿಗೆ ಹಂಚುವ ಲೆಕ್ಕಗಳಿಗೆ ಮೀಸಲು. ವ್ಯಾಪಾರ, ಜಮೀನಿನ ಅಳತೆ ಇವುಗಳೂ ಇವೆ. ಅಂದರೆ ಇದು ಜನರ ದಿನನಿತ್ಯದ ತಕರಾರುಗಳಿಂದ ಹುಟ್ಟಿದ ಶಾಸ್ತ್ರ.

ಜಬ್ರ್ ಪದಕ್ಕೆ ಇನ್ನೊಂದು ಬದುಕೂ ಇತ್ತು. ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಅದೇ ಹೆಸರು. ಸ್ಪೇನಿನಲ್ಲಿ ಮೂಳೆ ಕಟ್ಟುವವನನ್ನು 'ಆಲ್ಹೆಬ್ರಿಸ್ತಾ' ಎಂದು ಕರೆಯುತ್ತಿದ್ದರು. ಸರ್ವಾಂಟಿಸ್ ಬರೆದ 'ಡಾನ್ ಕಿಹೋಟೆ' ಕಾದಂಬರಿಯ ಎರಡನೆಯ ಭಾಗದಲ್ಲಿ, ಅಂದರೆ 1615ರಲ್ಲಿ, ಕುದುರೆಯಿಂದ ಬಿದ್ದ ಒಂದು ಪಾತ್ರಕ್ಕೆ ಚಿಕಿತ್ಸೆ ಮಾಡುವವನು ಇಂಥ ಆಲ್ಹೆಬ್ರಿಸ್ತಾನೇ. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲೂ ಆಲ್ಜೀಬ್ರಾ ಎಂದರೆ ಮೂಳೆ ಕಟ್ಟುವ ವಿದ್ಯೆ ಎಂಬ ಅರ್ಥ ಬಳಕೆಯಲ್ಲಿತ್ತು. ಪರೀಕ್ಷೆಯ ಮುಂಚೆ ಬೀಜಗಣಿತ ತಮ್ಮ ಮೂಳೆ ಮುರಿಯುತ್ತಿದೆ ಎನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು!

ಇನ್ನು ಆಲ್ಗಾರಿದಮ್. ಕಂಪ್ಯೂಟರ್ ಕಲಿಯುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಈ ಪದ ಒಬ್ಬ ಮನುಷ್ಯನ ಊರಿನ ಹೆಸರು. ಖ್ವಾರಿಜ್ಮ್ ಮಧ್ಯ ಏಷ್ಯಾದ ಒಂದು ಪ್ರಾಂತ. ಇಂದು ಅದು ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನಗಳಲ್ಲಿ ಹಂಚಿಹೋಗಿದೆ. ಅಲ್ಲಿಯವರು ಎಂಬ ಅರ್ಥದ 'ಅಲ್-ಖ್ವಾರಿಜ್ಮೀ' ಲ್ಯಾಟಿನ್ ಬಾಯಿಗೆ ಸಿಕ್ಕಿ 'ಅಲ್ಗೊರಿಟ್ಮಿ' ಆಯಿತು. ಅವರು ಬರೆದ ಇನ್ನೊಂದು ಪುಸ್ತಕದ ವಿಷಯ ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮ. ಅದರ ಅರಬ್ಬಿ ಮೂಲ ಕಳೆದುಹೋಗಿ ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಆ ಕ್ರಮಕ್ಕೇ ಲೇಖಕರ ಹೆಸರು ಅಂಟಿಕೊಂಡಿತು. ಆಮೇಲೆ ಯಾರಿಗೋ ಗ್ರೀಕಿನ 'ಅರಿತ್ಮೊಸ್', ಅಂದರೆ ಸಂಖ್ಯೆ ಎಂಬ ಪದ ನೆನಪಾಗಿ, ಅದರ ಪ್ರಭಾವದಿಂದ ಕಾಗುಣಿತವೂ ಬದಲಾಯಿತು.

ಭಾರತೀಯ ಅಂಕಿಗಳ ಮಾತು ಬಂದದ್ದರಿಂದ ನಮ್ಮ ನಾಡಿನ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಬಗ್ದಾದಿನಲ್ಲಿ ಅಲ್-ಖ್ವಾರಿಜ್ಮೀ ಇದ್ದ ಶತಮಾನದಲ್ಲೇ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು 850ರ ಸುಮಾರಿಗೆ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ರಾಷ್ಟ್ರಕೂಟರ ರೇವುಗಳಿಗೆ ಅರಬ್ ವರ್ತಕರು ಬರುತ್ತಿದ್ದರು. 851ರ ಒಂದು ಅರಬ್ಬಿ ಪ್ರವಾಸ ಗ್ರಂಥ 'ಬಲ್ಹರಾ' ಎಂದು ಕರೆದು ಈ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬನೆಂದು ಎಣಿಸಿದೆ. ಇಬ್ಬರು ಗಣಿತಜ್ಞರೂ ಒಬ್ಬರನ್ನೊಬ್ಬರು ಬಲ್ಲವರೆಂದು ನಾನು ಹೇಳುತ್ತಿಲ್ಲ. ಸಮುದ್ರದ ಆಚೆಗೊಬ್ಬರು, ಈಚೆಗೊಬ್ಬರು ಅದೇ ಅಂಕಿಗಳಿಂದ ಲೆಕ್ಕ ಮಾಡುತ್ತಿದ್ದರು ಎಂಬುದಷ್ಟೇ ವಿಷಯ.

ಇನ್ನು ಈ ಪದಗಳು ಯುರೋಪಿಗೆ ಹೋದ ದಾರಿ. 711ರಲ್ಲಿ ತಾರಿಕ್ ಇಬ್ನ್ ಜಿಯಾದ್ ಸ್ಪೇನಿಗೆ ದಾಟಿದಂದಿನಿಂದ 1492ರಲ್ಲಿ ಗ್ರಾನಡಾ ಕೈತಪ್ಪುವವರೆಗೆ ಆ ದೇಶದ ಕೆಲವು ಭಾಗವಾದರೂ ಮುಸ್ಲಿಮರ ಆಳ್ವಿಕೆಯಲ್ಲಿತ್ತು. 1085ರಲ್ಲಿ ಟೊಲೇಡೊ ನಗರ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊನ ವಶವಾಯಿತು. ನಗರ ಕೈಬದಲಾದರೂ ಅಲ್ಲಿನ ಅರಬ್ಬಿ ಗ್ರಂಥಗಳು ಮತ್ತು ಅರಬ್ಬಿ ಬಲ್ಲ ಜನ ಉಳಿದರು. ಹನ್ನೆರಡನೆಯ ಶತಮಾನದಲ್ಲಿ ಯುರೋಪಿನ ಮೂಲೆಮೂಲೆಗಳಿಂದ ವಿದ್ವಾಂಸರು ಅಲ್ಲಿಗೆ ಹುಡುಕಿಕೊಂಡು ಬಂದರು. ಅವರಲ್ಲೊಬ್ಬ ಇಟಲಿಯ ಕ್ರೆಮೋನಾದ ಜೆರಾರ್ಡ್. ಟಾಲೆಮಿ ಬರೆದ ಖಗೋಳ ಗ್ರಂಥ ಬೇಕೆಂದು ಬಂದವನು ಅರಬ್ಬಿ ಕಲಿತು ಅಲ್ಲೇ ನೆಲೆಸಿದ. 1187ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎಪ್ಪತ್ತಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದಿದ್ದ. ಅವನು ಹುಡುಕಿ ಬಂದ ಗ್ರಂಥದ ಹೆಸರನ್ನೇ ನೋಡಿ: 'ಆಲ್ಮಜೆಸ್ಟ್'. 'ಮೆಗಿಸ್ಟೆ', ಅಂದರೆ ಅತಿ ದೊಡ್ಡದು ಎಂಬುದು ಗ್ರೀಕ್ ಪದ; ಅದರ ತಲೆಯ ಮೇಲೆ ಅರಬ್ಬಿಯ 'ಅಲ್'. ಗ್ರೀಕರ ಪುಸ್ತಕ ಅರಬರ ಮನೆಯಲ್ಲಿ ಉಳಿದು, ಅರಬರ ಟೋಪಿ ಧರಿಸಿ ಯುರೋಪಿಗೆ ಮರಳಿತು. ಅಲ್-ಖ್ವಾರಿಜ್ಮೀಯವರ ಬೀಜಗಣಿತವನ್ನು 1145ರಲ್ಲಿ ಸ್ಪೇನಿನ ಸೆಗೋವಿಯಾದಲ್ಲಿ ಲ್ಯಾಟಿನ್ನಿಗೆ ತಂದವನು ಚೆಸ್ಟರಿನ ರಾಬರ್ಟ್ ಎಂಬ ಇಂಗ್ಲಿಷಿನವನು.

ಭಾಷಾಂತರ ಮಾಡುತ್ತಿದ್ದ ಬಗೆಯೂ ಕುತೂಹಲದ್ದು. ಕೆಲವೊಮ್ಮೆ ಇಬ್ಬರು ಜೊತೆಗೆ ಕೂರುತ್ತಿದ್ದರು. ಇಬ್ನ್ ಸೀನಾ ಅವರ ಆತ್ಮವಿಚಾರದ ಗ್ರಂಥವನ್ನು ಯಹೂದಿ ವಿದ್ವಾಂಸ ಇಬ್ನ್ ದಾವೂದ್ ಓದಿ ಒಂದೊಂದೇ ಪದವನ್ನು ಆಡುಮಾತಿನಲ್ಲಿ ಹೇಳುತ್ತಿದ್ದ. ಗುಂಡಿಸಾಲಿನುಸ್ ಎಂಬ ಕ್ರೈಸ್ತ ಪಾದ್ರಿ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದ. ಮುಸ್ಲಿಮನ ಗ್ರಂಥ, ಯಹೂದಿಯ ಬಾಯಿ, ಕ್ರೈಸ್ತನ ಲೇಖನಿ. ಹೀಗೆ ಕೆಲಸ ಸಾಗುವಾಗ ತಮ್ಮ ಭಾಷೆಯಲ್ಲಿ ಸಮಾನ ಪದ ಸಿಗದ ಕಡೆ ಅರಬ್ಬಿ ಪದವನ್ನೇ 'ಅಲ್' ಸಮೇತ ಎತ್ತಿಟ್ಟುಕೊಂಡರು. ಆಕಾಶದಲ್ಲೂ ಹೀಗೆಯೇ ಆಯಿತು. ನಾವು ರೋಹಿಣಿ ಎನ್ನುವ ಕೆಂಪು ನಕ್ಷತ್ರ ಇಂಗ್ಲಿಷಿನಲ್ಲಿ ಆಲ್ಡೆಬರಾನ್, ಅಂದರೆ ಹಿಂದೆ ಬರುವವನು. ನಮ್ಮ ಶ್ರವಣ ನಕ್ಷತ್ರ ಅವರಿಗೆ ಆಲ್ಟೇರ್, ಅಂದರೆ ಹಾರುವ ಹದ್ದು.

ಪಂಡಿತರು ಹೋಗಲಿ, ಸ್ಪೇನಿನ ಸಾಮಾನ್ಯ ಜನರೂ ಸಂತೆಯಲ್ಲಿ, ಹೊಲದಲ್ಲಿ ಅರಬ್ಬಿಯನ್ನು ಕಿವಿಯಿಂದಲೇ ಕಲಿತವರು. ಅವರಿಗೆ 'ಅಲ್' ಒಂದು ಬೇರೆ ಪದವೆಂದು ಅನಿಸಲಿಲ್ಲ. ಪದದ ಭಾಗವಾಗಿಯೇ ಕೇಳಿಸಿತು. ಸ್ಪ್ಯಾನಿಷಿನಲ್ಲಿ ಇಂದಿಗೂ ಊರಿನ ಮೇಯರ್ 'ಅಲ್ಕಾಲ್ದೆ', ಮೂಲತಃ ಅಲ್-ಕಾಜೀ. ಗಾರೆ ಕೆಲಸದವ 'ಅಲ್ಬಾನ್ಯಿಲ್', ಮೂಲತಃ ಅಲ್-ಬನ್ನಾ.

ಇಟಲಿಯ ಬಾಗಿಲು ಬೇರೆ. ವೆನಿಸ್, ಜಿನೋವಾ, ಪೀಸಾ ನಗರಗಳ ವರ್ತಕರು ಈಜಿಪ್ಟ್, ಸಿರಿಯಾ, ಉತ್ತರ ಆಫ್ರಿಕಾದ ರೇವುಗಳಲ್ಲಿ ಸರಕು ಕೊಳ್ಳುತ್ತಿದ್ದರು. ಮೂಟೆಯ ಜೊತೆಗೆ ಬಂದ ಪದಕ್ಕೆ 'ಅಲ್' ಬೇಕಾಗಲಿಲ್ಲ. ಅರಬ್ಬಿಯಲ್ಲಿ ಹತ್ತಿಗೆ ಕುತ್ನ್ ಎನ್ನುತ್ತಾರೆ. ಸ್ಪೇನಿನಲ್ಲಿ ಅದು 'ಅಲ್ಗೊದೋನ್', ಇಟಲಿಯಲ್ಲಿ 'ಕೊತೋನೆ'. ಇಂಗ್ಲಿಷಿನ ಕಾಟನ್‌ನಲ್ಲಿ 'ಅಲ್' ಇಲ್ಲ. ಆದ್ದರಿಂದ ಈ ಪದ ಯಾವ ಕಡೆಯಿಂದ ಬಂದಿರಬೇಕೆಂದು ಈಗ ನೀವೇ ಹೇಳಬಲ್ಲಿರಿ. ಸಕ್ಕರೆಯದೂ ಇದೇ ಕಥೆ. ಸಂಸ್ಕೃತದ ಶರ್ಕರ ಪಾರಸಿಯಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಇಟಲಿಯಲ್ಲಿ 'ತ್ಸುಕ್ಕೆರೊ' ಆಯಿತು. ಇಂಗ್ಲಿಷಿನ ಶುಗರ್ ಇದೇ ಸಾಲಿನದು. ಸ್ಪೇನಿನಲ್ಲಿ ಮಾತ್ರ 'ಅಸೂಕರ್', ಮುಂದೆ ಒಂದು 'ಅ' ಅಂಟಿಕೊಂಡಿದೆ.

ಆ ಒಂದು 'ಅ' ಎಲ್ಲಿಂದ ಬಂತು? ಅರಬ್ಬಿ ವ್ಯಾಕರಣ ಓದಿದವರಿಗೆ ಹುರೂಫೆ ಶಮ್ಸೀ ನೆನಪಿರಬೇಕು. ಸೀನ್, ರೇ, ದಾಲ್, ತೇ ಮುಂತಾದ ಅಕ್ಷರಗಳ ಮುಂದೆ ಲಾಮ್ ತನ್ನ ದನಿ ಕಳೆದುಕೊಂಡು ಮುಂದಿನ ಅಕ್ಷರದೊಳಗೆ ಕರಗುತ್ತದೆ. ಬರೆಯುವಾಗ ಅಲ್-ರಹಮಾನ್, ಕರೆಯುವಾಗ ಅಬ್ದುರ್ರಹಮಾನ್. ಹಾಗೆಯೇ ಅಲ್-ಸುಕ್ಕರ್ ನಾಲಿಗೆಯಲ್ಲಿ ಅಸ್ಸುಕ್ಕರ್. ಸ್ಪೇನಿನ ಜನ ಕಿವಿಯಿಂದ ಕಲಿತರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಣ್ಣಿನಿಂದ ಓದಿ ಕಲಿತಿದ್ದರೆ ಅವರು ಲಾಮ್ ಬಿಡುತ್ತಿರಲಿಲ್ಲ. ಇಂಗ್ಲಿಷಿನಲ್ಲೂ ಇಂಥ ಅಡಗಿದ 'ಅಲ್'ಗಳಿವೆ. ಖಗೋಳದ ಅಜಿಮತ್, ಮೂಲತಃ ಅಸ್ಸುಮೂತ್. ಅಡೋಬ್ ಎಂಬ ಹೆಸರನ್ನು ಕಂಪ್ಯೂಟರ್ ಬಲ್ಲವರೆಲ್ಲ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ ಒಂದು ಹಳ್ಳದ ಹೆಸರನ್ನು ಆ ಕಂಪನಿ ಇಟ್ಟುಕೊಂಡಿತು. ಹಳ್ಳಕ್ಕೆ ಹೆಸರು ಬಂದದ್ದು ಹಸಿ ಇಟ್ಟಿಗೆ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ. ಆ ಪದ ಅರಬ್ಬಿಯ ಅತ್ತೂಬ್. ಬದನೆಕಾಯಿಗೆ ಬ್ರಿಟನ್ನಿನವರು ಓಬರ್ಜೀನ್ ಎನ್ನುತ್ತಾರೆ, ನಮ್ಮ ದೇಶದ ಇಂಗ್ಲಿಷಿನಲ್ಲಿ ಬ್ರಿಂಜಾಲ್. ಎರಡೂ ಅರಬ್ಬಿಯ ಬಾದಿಂಜಾನ್‌ನ ಮಕ್ಕಳು. ಮೊದಲನೆಯದು 'ಅಲ್' ಹೊತ್ತು ಸ್ಪೇನಿನ ಕೆಟಲಾನ್ ಭಾಷೆ ಮತ್ತು ಫ್ರೆಂಚಿನ ಮೂಲಕ ಬಂತು, ಎರಡನೆಯದನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ಬಾದಿಂಜಾನ್ ಕೂಡ ಪಾರಸಿಯ ದಾರಿಯಲ್ಲಿ ಭಾರತದಿಂದಲೇ ಹೋದ ಪದ. ತರಕಾರಿ ಹೊರಟ ಊರಿಗೇ ಅದರ ಹೆಸರು ಅರ್ಧ ಜಗತ್ತು ಸುತ್ತಿ ವಾಪಸು ಬಂದಿದೆ.

ಅರ್ಥ ಬದಲಾದ ಪದಗಳಲ್ಲಿ ಆಲ್ಕೋಹಾಲ್‌ನದು ದೊಡ್ಡ ಕಥೆ. ಅಲ್-ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ಸುರ್ಮಾ ಬಹಳ ನುಣ್ಣನೆಯ ಪುಡಿ. ಆದ್ದರಿಂದ ರಸವಾದಿಗಳು ಯಾವುದೇ ನುಣ್ಣನೆ ಪುಡಿಗೆ ಆ ಹೆಸರು ಕೊಟ್ಟರು. ಮುಂದೆ ಅದು ಯಾವುದೇ ವಸ್ತುವಿನಿಂದ ತೆಗೆದ ಶುದ್ಧ ಸಾರ ಎಂದಾಯಿತು. 1541ರಲ್ಲಿ ತೀರಿಕೊಂಡ ಪ್ಯಾರಾಸೆಲ್ಸಸ್ ಎಂಬ ವೈದ್ಯ ದ್ರಾಕ್ಷಾರಸದ ಸಾರಕ್ಕೆ ಇದೇ ಪದ ಬಳಸಿದ. ಕಾಲಕ್ರಮದಲ್ಲಿ ದ್ರಾಕ್ಷಾರಸ ಬಿಟ್ಟುಹೋಗಿ ಆಲ್ಕೋಹಾಲ್ ಒಂದೇ ಉಳಿಯಿತು. ಕಣ್ಣಿನ ಕಪ್ಪಿಗೂ ಮದ್ಯದ ಬಾಟಲಿಗೂ ಒಂದೇ ಹೆಸರು ಬಂದದ್ದು ಹೀಗೆ. ಕುರ್‌ಆನಿನಲ್ಲಿ ಬರುವ 'ಗೌಲ್' ಎಂಬ ಪದದಿಂದ ಆಲ್ಕೋಹಾಲ್ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದ ಮೊದಲು ಕಾಣಿಸುವುದು ಪುಡಿ ಎಂಬ ಅರ್ಥದಲ್ಲಿ. ನಡುವಿನ ಮೆಟ್ಟಿಲುಗಳೆಲ್ಲ ಕಣ್ಣಮುಂದಿರುವಾಗ ಬರೀ ದನಿಯ ಹೋಲಿಕೆಯನ್ನು ನೆಚ್ಚುವುದು ಸರಿಯಲ್ಲ.

ಆಲ್ಕಲಿ ಸರಳ. ಉಪ್ಪು ನೆಲದ ಗಿಡಗಳನ್ನು ಸುಟ್ಟ ಬೂದಿ ಅಲ್-ಕಲೀ. ಸಾಬೂನಿಗೂ ಗಾಜಿಗೂ ಅದು ಬೇಕಾಗಿತ್ತು. 'ಅಲ್' ಕಳಚಿ ಉಳಿದ 'ಕಲಿ'ಯಿಂದಲೇ ಪೊಟ್ಯಾಸಿಯಂಗೆ ಕೇಲಿಯಂ ಎಂಬ ಲ್ಯಾಟಿನ್ ಹೆಸರು ಬಂತು. ಪೊಟ್ಯಾಸಿಯಂನ ಚಿಹ್ನೆ 'ಪಿ' ಆಗದೆ 'ಕೆ' ಏಕಾಯಿತು ಎಂದು ಹತ್ತನೆಯ ತರಗತಿಯಲ್ಲಿ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲಿದೆ. ಆಲ್ಕೆಮಿಯಲ್ಲೂ ಹೀಗೆ 'ಅಲ್' ಕಳಚಿ ಕೆಮಿಸ್ಟ್ರಿ ಉಳಿಯಿತು. ದನಗಳಿಗೆ ಹಾಕುವ ಆಲ್ಫಾಲ್ಫಾ ಮೇವಿನ ಮೂಲ ಅಲ್-ಫಸ್ಫಸಾ. ಅದರ ಹಿಂದಿರುವ ಹಳೆಯ ಪಾರಸಿ ಪದಕ್ಕೆ ಕುದುರೆಯ ಮೇವು ಎಂದರ್ಥ. ನಮ್ಮ ರೈತರೂ ಅದನ್ನು ಕುದುರೆ ಮಸಾಲೆ ಎಂದೇ ಕರೆಯುತ್ತಾರೆ!

ಈಗ ಪಟ್ಟಿಯಿಂದ ತೆಗೆಯಬೇಕಾದ ಪದಗಳಿಗೆ ಬರೋಣ. ಅಲಾರ್ಮ್ ಅರಬ್ಬಿಯಲ್ಲ, ಅದು 'ಆಯುಧ ಹಿಡಿಯಿರಿ' ಎಂಬ ಇಟಾಲಿಯನ್ ಕೂಗು. ಅಲರ್ಟ್ ಕೂಡ ಇಟಲಿಯದೇ. ಆಲ್ಟಿಟ್ಯೂಡ್, ಆಲ್ಬಮ್, ಅಲಿಬಿ, ಅಲ್ಯೂಮಿನಿಯಂ ಲ್ಯಾಟಿನ್ ಮೂಲದವು. ಆಲ್ಫಬೆಟ್ ಗ್ರೀಕಿನ ಮೊದಲ ಎರಡು ಅಕ್ಷರಗಳು. ಅಲಿಗೇಟರ್‌ನಲ್ಲಿ ಇರುವುದು ಸ್ಪ್ಯಾನಿಷಿನ ಸ್ವಂತ 'ಎಲ್', ಅರಬ್ಬಿಯ 'ಅಲ್' ಅಲ್ಲ. ಬಾದಾಮಿಯ ಆಲ್ಮಂಡ್ ಇನ್ನೂ ತಮಾಷೆಯದು. ಗ್ರೀಕ್ ಮೂಲದಲ್ಲಿ ಪದದ ಮೊದಲಿಗೆ 'ಲ'ಕಾರವೇ ಇಲ್ಲ. ಸ್ಪೇನಿನಲ್ಲಿ ಸುತ್ತಮುತ್ತ ಎಲ್ಲ ಪದಗಳಿಗೂ 'ಅಲ್' ಇರುವುದನ್ನು ಕಂಡು ಅದಕ್ಕೂ ಒಂದು ಅಂಟಿಸಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಅಂದರೆ ಅರಬ್ಬಿಯಲ್ಲದ ಪದಕ್ಕೂ ಅರಬ್ಬಿಯ ವೇಷ ತೊಡಿಸುವಷ್ಟು ಆ 'ಅಲ್' ಜನರ ನಾಲಿಗೆಗೆ ಒಗ್ಗಿತ್ತು. ಯಾವುದೇ ಪದವನ್ನು ಪಟ್ಟಿಗೆ ಸೇರಿಸುವ ಮುನ್ನ 'ಅಲ್' ತೆಗೆದು ನೋಡಿ. ಉಳಿದದ್ದಕ್ಕೆ ಅರಬ್ಬಿಯಲ್ಲಿ ಅರ್ಥವಿದೆಯೇ, ಆ ಅರ್ಥದಿಂದ ಇಂದಿನ ಅರ್ಥಕ್ಕೆ ದಾರಿಯಿದೆಯೇ ಎಂದು ಕೇಳಿ. ಆಮೇಲೆ ಒಳ್ಳೆಯ ದೊಡ್ಡ ನಿಘಂಟು ನೋಡಿ.

ಕನ್ನಡಕ್ಕೂ ಅರಬ್ಬಿ ಪದಗಳು ನೂರಾರು ಬಂದಿವೆ. ತಾರೀಖು, ವಕೀಲ, ಅರ್ಜಿ, ಹುಕುಂ, ಜಿಲ್ಲೆ, ತಾಲ್ಲೂಕು, ಕಸುಬು, ಖಾಲಿ, ಬಾಕಿ, ಮಾಜಿ, ಹಾಜರಿ. ಇವುಗಳಲ್ಲಿ ಒಂದಕ್ಕಾದರೂ 'ಅಲ್' ಇದೆಯೇ? ಇಲ್ಲ. ಏಕೆಂದರೆ ಇವು ನಮಗೆ ಬಂದದ್ದು ಮುಖ್ಯವಾಗಿ ಬಹಮನಿ, ಆದಿಲ್‌ಶಾಹಿ ಕಾಲದಿಂದ ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಕಾಲದವರೆಗೆ ಕಚೇರಿಯ ಭಾಷೆಯಾಗಿದ್ದ ಪಾರಸಿಯ ಮೂಲಕ. ಪಾರಸಿಯವರು ವ್ಯಾಕರಣ ಬಲ್ಲವರು; ಅರಬ್ಬಿ ಪದ ತೆಗೆದುಕೊಂಡು 'ಅಲ್' ಬಿಟ್ಟರು. ಕಣ್ಣಿಗೆ ಬೀಳದಂತೆ ನುಸುಳಿದವೂ ಉಂಟು. ನಾವು ಒತ್ತಿ ಹೇಳುವ 'ಬಿಲ್‌ಕುಲ್' ನಿಜದಲ್ಲಿ ಬಿ, ಅಲ್, ಕುಲ್ ಎಂಬ ಮೂರು ತುಂಡು.

ಕಾಫಿಯ ವಿಷಯ ಇನ್ನೂ ಸ್ವಾರಸ್ಯದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ನಮ್ಮ ಜನ ಹೇಳಿಕೊಂಡು ಬಂದಿದ್ದಾರೆ. ಬೀಜ ನೇರವಾಗಿ ಬಂತು. ಹೆಸರು ಮಾತ್ರ ಅರಬ್ಬಿಯ ಕಹ್ವಾದಿಂದ ತುರ್ಕಿಗೆ, ತುರ್ಕಿಯಿಂದ ಡಚ್ಚರಿಗೆ, ಡಚ್ಚರಿಂದ ಇಂಗ್ಲಿಷಿಗೆ ಹೋಗಿ ಕೊನೆಗೆ ಇಂಗ್ಲಿಷರ ಜೊತೆ ನಮ್ಮಲ್ಲಿಗೆ ಬಂತು. ತುರ್ಕಿಯ ಬಾಗಿಲಿನಿಂದ ಹೋದದ್ದರಿಂದ ಅದಕ್ಕೂ 'ಅಲ್' ಇಲ್ಲ.

ಕೊನೆಗೆ ನೀವು ಕೈಯಲ್ಲಿ ಹಿಡಿದಿರುವ ಈ ವಾರ್ಷಿಕ ಮ್ಯಾಗಜಿನ್. ಅರಬ್ಬಿಯಲ್ಲಿ ಮಖ್ಜನ್ ಎಂದರೆ ಉಗ್ರಾಣ, ಅದರ ಬಹುವಚನ ಮಖಾಜಿನ್. ಸ್ಪೇನಿನಲ್ಲಿ ಅದು ಎಂದಿನಂತೆ 'ಅಲ್' ಸಹಿತ 'ಅಲ್ಮಸೇನ್' ಆಯಿತು. ಇಂದಿಗೂ ಅಲ್ಲಿ ಗೋದಾಮಿಗೆ ಅದೇ ಹೆಸರು. ಇಟಲಿಯಲ್ಲಿ 'ಅಲ್' ಇಲ್ಲದೆ 'ಮಗಜ್ಜೀನೊ'. ಅಲ್ಲಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, 1731ರಲ್ಲಿ ಲಂಡನ್ನಿನಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಎಂಬ ಪತ್ರಿಕೆ ಹೊರಟ ಮೇಲೆ ನಾನಾ ಬರಹಗಳ ಉಗ್ರಾಣ ಎಂಬ ಅರ್ಥ ನೆಲೆಯಾಯಿತು. ಮಖ್ಜನ್ ಪದದ ಮೂಲಾಕ್ಷರಗಳು ಖೇ, ಜೇ, ನೂನ್. ಅದೇ ಮೂರು ಅಕ್ಷರಗಳಿಂದ ಹುಟ್ಟಿದ ಇನ್ನೊಂದು ಪದ ಪಾರಸಿಯ ಬಾಗಿಲಿನಿಂದ ಕನ್ನಡಕ್ಕೆ ಬಂದು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಒಂದು ಬೋರ್ಡಿನ ಮೇಲೆ ಕುಳಿತಿದೆ: ಖಜಾನೆ.